ರಾಯರು ಅಂಗಡಿ ಕೊಟ್ಟ ಮೇಲೆ ಮಾಟುಂಗಾದ ಆ ಕಾಫಿ ಪುಡಿ

ನಮ್ಮ ಮನೆಯಲ್ಲಿ 1989ರಿಂದ ಒಂದೇ ಅಂಗಡಿಯ ಕಾಫಿ ಪುಡಿ. ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಅಂಗಡಿ ಇರುವುದು ಮುಂಬಯಿಯ ಮಾಟುಂಗಾದಲ್ಲಿ. ಫೋರ್ಟಿನ ಬ್ಯಾಂಕಿಗೆ ಹೋಗಿ ಬರುತ್ತಿದ್ದ ಮೂವತ್ತೆರಡು ವರ್ಷವೂ ಪುಡಿಗೆಂದು ಮಾಟುಂಗಾದಲ್ಲಿ ಇಳಿದಿದ್ದೇನೆ. ಫಾಸ್ಟ್ ಲೋಕಲ್ ಅಲ್ಲಿ ನಿಲ್ಲುವುದಿಲ್ಲ. ವಿಟಿ ಸ್ಟೇಷನ್ನಿನಿಂದ ಸ್ಲೋ ಲೋಕಲ್ ಹಿಡಿದು, ಇಳಿದು, ಹೂವಿನವರನ್ನೂ ಬಾಳೆಎಲೆಯವರನ್ನೂ ದಾಟಿ, ಪುಡಿ ತಗೊಂಡು, ಮತ್ತೆ ಸ್ಲೋ ಹಿಡಿದು ಮನೆ ಸೇರುವಾಗ ಎಂಟೂವರೆ ಆಗುತ್ತಿತ್ತು. ಅತ್ತೆಯವರು ನನ್ನ ಕೈಚೀಲ ಮೂಸಿಯೇ "ತಂದಿದೀಯಲ್ಲ" ಅನ್ನುತ್ತಿದ್ದರು.

2023ರ ಸಂಕ್ರಾಂತಿ ಕಳೆದ ಮೇಲೆ ಅಂಗಡಿಯ ರಾಯರು ಅದನ್ನು ಬೇರೆಯವರಿಗೆ ಕೊಟ್ಟರು. ಬೋರ್ಡು ಅದೇ, ಕವರಿನ ಮೇಲಿನ ಚಿತ್ರ ಅದೇ, ಮಾಡುವ ಕೈ ಬೇರೆ. ಅಲ್ಲಿಂದ ಇಲ್ಲಿಯವರೆಗೆ ಮುಂಬಯಿಯ ನಮ್ಮ ಪರಿಚಯದ ಕನ್ನಡದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಪುಡಿ ಕೆಟ್ಟು ಹೋಯ್ತಂತೆ ಹೌದಾ? ಈಗ ಅಲ್ಲಿ ತಗೊಳ್ಳಬಹುದಾ?" ಫೋನಿನಲ್ಲಿ ಹತ್ತು ಜನಕ್ಕೆ ಹತ್ತು ಥರ ಅರ್ಧಂಬರ್ಧ ಉತ್ತರ ಕೊಟ್ಟಿದ್ದೇನೆ. ಪೂರ್ತಿ ಉತ್ತರ ಇದು. ಅಂಗಡಿಯ ಹೆಸರು ಬರೆಯುತ್ತಿಲ್ಲ, ಬರೆಯಬೇಡ ಎಂದು ರಾಯರೇ ಹೇಳಿದ್ದಾರೆ. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.

ಮೊದಲು ಆ ಪುಡಿ ಹೇಗಿತ್ತು ಎಂದು ಹೇಳಬೇಕು. ಇಲ್ಲದಿದ್ದರೆ ಏನು ಕೆಟ್ಟಿತು ಎನ್ನುವುದಕ್ಕೆ ಅರ್ಥ ಇರುವುದಿಲ್ಲ.

ನನ್ನ ತವರು ಕೊಪ್ಪ ತಾಲ್ಲೂಕು. ಅಪ್ಪನಿಗೆ ನಾಲ್ಕು ಎಕರೆ ತೋಟ ಇತ್ತು, ಈಗ ಅಣ್ಣ ನೋಡಿಕೊಳ್ಳುತ್ತಾನೆ. ಹಣ್ಣಿನ ಸಿಪ್ಪೆ ಸುಲಿದು, ಲೋಳೆ ಹೋಗುವಂತೆ ತೊಳೆದು ಒಣಗಿಸಿದ ಅರೇಬಿಕಾಕ್ಕೆ ವ್ಯಾಪಾರದಲ್ಲಿ ಪ್ಲಾಂಟೇಶನ್ ಎನ್ನುತ್ತಾರೆ. ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ್ದು ಚೆರಿ. ಜರಡಿ ಹಿಡಿದು ಗಾತ್ರದ ಮೇಲೆ ಎ, ಬಿ, ಸಿ ಎಂದು ಬೇರೆ ಮಾಡುತ್ತಾರೆ, ಮುರಿದ ಚೂರು ಬಿಟ್ಸ್ ಆಗುತ್ತದೆ. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ ಹೊಟ್ಟೆಗೆ ಹೊಟ್ಟೆ ಕೊಟ್ಟು ಕೂತಿರುತ್ತವೆ. ಕೆಲವದರಲ್ಲಿ ಒಂದೇ ಒಂದು ದುಂಡು ಬೀಜ, ಅದು ಪೀಬೆರಿ. ದುಂಡಗಿರುವುದರಿಂದ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳಿ ಒಂದೇ ಸಮನೆ ಹುರಿಯುತ್ತದೆ. ರಾಯರ ಮಿಶ್ರಣ ಪ್ಲಾಂಟೇಶನ್ ಎ ಮತ್ತು ಪೀಬೆರಿ, ಅದಕ್ಕೆ ನೂರಕ್ಕೆ ಇಪ್ಪತ್ತು ಚಿಕೋರಿ. ಚಿಕೋರಿ ಬೇಡ ಎನ್ನುವವರಿಗೆ ಬರೀ ಕಾಫಿಯನ್ನೇ ಕೊಡುತ್ತಿದ್ದರು. ನಮ್ಮ ಮನೆಗೆ ಇಪ್ಪತ್ತು ಬೇಕೇ ಬೇಕು. ಅದಿಲ್ಲದೆ ಇಲ್ಲಿನ ಎಮ್ಮೆ ಹಾಲಿಗೆ ಬಣ್ಣ ನಿಲ್ಲುವುದಿಲ್ಲ.

ಹುರಿಯುವುದು ಅಂಗಡಿಯ ಹಿಂದೆಯೇ. ಕುಂದಾಪುರ ಕಡೆಯ ಒಬ್ಬರು ಮೂವತ್ತು ವರ್ಷ ಅದೊಂದೇ ಕೆಲಸ ಮಾಡಿದರು. ಕೆಳಗೆ ಗ್ಯಾಸಿನ ಉರಿ, ಮೇಲೆ ತಿರುಗುವ ಡ್ರಮ್ಮು. ಅವರ ಹತ್ತಿರ ಗಡಿಯಾರವೂ ಇರಲಿಲ್ಲ, ಮೀಟರೂ ಇರಲಿಲ್ಲ. ಬೀಜ ಚಟಪಟ ಸಿಡಿಯಲು ಶುರುವಾದಾಗ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಆ ಸದ್ದು ನಿಂತು ಒಂದು ಸಣ್ಣ ಮೌನ ಬರುತ್ತದೆ. ಎರಡನೇ ಸಿಡಿತ ಶುರುವಾಗುವ ಮುಂಚೆ ಬೀಜ ಹೊರಗೆ ಬರಬೇಕು. ಆಗ ಅದರ ಬಣ್ಣ ಹುಣಸೆ ಬೀಜದ ಬಣ್ಣ, ಮೈ ಒಣಗಿರುತ್ತದೆ, ಎಣ್ಣೆ ಒಸರಿರುವುದಿಲ್ಲ. ನಾನು ಹೋದ ಸಂಜೆ ಹುರಿಯುವುದಿದ್ದರೆ ಒಂದು ಲೋಕಲ್ ಬಿಟ್ಟಾದರೂ ನಿಂತು ನೋಡುತ್ತಿದ್ದೆ.

"ಎಷ್ಟಮ್ಮ, ಅರ್ಧವಾ, ಒಂದಾ?" ರಾಯರು ಕೇಳುತ್ತಿದ್ದರು. ಡಬ್ಬದಿಂದ ಬೀಜ ತೆಗೆದು ತೂಗಿ, ಎದುರಿಗೇ ಮಿಷನ್ನಿಗೆ ಸುರಿದು, ಪುಡಿ ಬಂದ ಮೇಲೆ ಚಿಕೋರಿ ಹಾಕಿ ದೊಡ್ಡ ತಟ್ಟೆಯಲ್ಲಿ ಕೈಯಲ್ಲೇ ಬೆರೆಸುತ್ತಿದ್ದರು. ಕಂದು ಬಣ್ಣದ ಕಾಗದದ ಕವರು, ಒಳಗೆ ಇನ್ನೊಂದು. ತೊಡೆಯ ಮೇಲಿಟ್ಟುಕೊಂಡರೆ ಮುಲುಂಡ್ ಬರುವವರೆಗೂ ಬೆಚ್ಚಗಿರುತ್ತಿತ್ತು. ಲೇಡೀಸ್ ಡಬ್ಬಾದಲ್ಲಿ ಎದುರು ಕೂತ ಗುರುತಿಲ್ಲದ ಹೆಂಗಸರು ಕೂಡ "ಎಲ್ಲಿಂದ ತಂದದ್ದು" ಎಂದು ಕೇಳಿದ್ದಾರೆ. ಎಷ್ಟು ಜನರನ್ನು ಆ ಅಂಗಡಿಗೆ ಕಳಿಸಿದ್ದೇನೋ ಲೆಕ್ಕ ಇಟ್ಟಿಲ್ಲ.

ಆದರೆ ಪುಡಿಯ ಲೆಕ್ಕ ಇಟ್ಟಿದ್ದೇನೆ. ಮದುವೆಯಾಗಿ ಬಂದ ವರ್ಷದಿಂದಲೂ ಮನೆಖರ್ಚಿನ ಪುಸ್ತಕದಲ್ಲಿ ಕಾಫಿ ಪುಡಿ ತಂದ ತಾರೀಕು, ತೂಕ, ಬೆಲೆ ಬರೆಯುತ್ತೇನೆ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಆ ಪುಸ್ತಕದ ಮೇಲೆಯೇ ನಿಂತಿದೆ.

2023ರ ಫೆಬ್ರವರಿಯಲ್ಲಿ ಮೊದಲ ಸಲ ಹೊಸಬರ ಹತ್ತಿರ ತಂದೆ. ಎದುರಿಗೆ ಬೀಸಿ ಕೊಡುವುದು ನಿಂತಿತ್ತು. ಅರ್ಧ ಕೆಜಿಯ ಪ್ಯಾಕೆಟ್ಟು ಕಪಾಟಿನಲ್ಲಿ ಸಾಲಾಗಿ ಕೂತಿತ್ತು. ಬೆಲೆ ಕೆಜಿಗೆ 640. ರಾಯರು ಕೊನೆಗೆ ತಗೊಂಡದ್ದು 500. ಮನೆಗೆ ತಂದು ಫಿಲ್ಟರಿಗೆ ಹಾಕಿದೆ. ಮೊದಲ ಡಿಕಾಕ್ಷನ್ ಕಪ್ಪಗೆ ಇಳಿಯಿತು, ಬಾಯಿಗಿಟ್ಟರೆ ಕರಕು. ನಾಲಿಗೆಯ ಹಿಂಭಾಗದಲ್ಲಿ ಸುಟ್ಟ ಕಹಿ ಬಹಳ ಹೊತ್ತು ಉಳಿಯಿತು. ವಾಸನೆ ಮಾತ್ರ ಇಲ್ಲ. ಯಜಮಾನರು ಲೋಟ ಕೆಳಗಿಟ್ಟು "ಇದು ನಮ್ಮದಲ್ಲ" ಎಂದರು. ನನಗೂ ಹಾಗೇ ಅನಿಸಿತು. ಯುಗಾದಿ ಹೊತ್ತಿಗೆ ನಮ್ಮ ಬಿಲ್ಡಿಂಗಿನಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಬಂದವರಲ್ಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: ಹೊಸಬರು ಚಿಕೋರಿ ಸುರಿದಿದ್ದಾರೆ, ರಾಯರಿದ್ದಾಗ ಹೀಗಿರಲಿಲ್ಲ.

ನಾನೂ ಅದನ್ನೇ ನಂಬಿದ್ದೆ. ಎರಡು ತಿಂಗಳು ಬೇರೆ ಕಡೆಯಿಂದ ತಂದೆ. ಆಮೇಲೆ ಒಂದು ಮಧ್ಯಾಹ್ನ, ಈ ಪ್ಯಾಕೆಟ್ಟು ಎಷ್ಟು ದಿನ ಬಂತು ನೋಡೋಣ ಎಂದು ಪುಸ್ತಕ ತೆಗೆದೆ. ಹಿಂದಿನ ಪುಟ, ಅದರ ಹಿಂದಿನ ಪುಟ, ಹಾಗೇ ಐದು ವರ್ಷ ಹಿಂದಕ್ಕೆ ಹೋದೆ.

2018ರಿಂದ ಮನೆಯಲ್ಲಿ ನಾವಿಬ್ಬರೇ. ಅತ್ತೆಯವರು 2016ರಲ್ಲಿ ಹೋದರು, ಮಗಳು ಕೆಲಸಕ್ಕೆಂದು ಪುಣೆಗೆ ಹೋದಳು. ಹಾಗಾಗಿ 2018ರ ಮುಂಚಿನದನ್ನು ಇದಕ್ಕೆ ಹೋಲಿಸುವ ಹಾಗಿಲ್ಲ, ಆಮೇಲಿನದನ್ನು ಹೋಲಿಸಬಹುದು. ದಿನಕ್ಕೆ ತಲಾ ಎರಡು ಲೋಟ. 2018, 2019ರಲ್ಲಿ ಅರ್ಧ ಕೆಜಿ ಇಪ್ಪತ್ತು ದಿನ, ಕೆಲವು ಸಲ ಇಪ್ಪತ್ತೊಂದು ದಿನ ಬರುತ್ತಿತ್ತು. 2020ರಲ್ಲಿ ಲಾಕ್‌ಡೌನಿನ ನಾಲ್ಕೈದು ತಿಂಗಳು ಖಾಲಿ. ಮತ್ತೆ ತರಲು ಶುರು ಮಾಡಿದ ಮೇಲೂ ಇಪ್ಪತ್ತು. 2021ರ ದಸರಾ ಕಳೆದ ಮೇಲೆ ಹದಿನೆಂಟು. ದೀಪಾವಳಿಯ ನಂತರ ಹದಿನೇಳು. 2022 ಪೂರ್ತಿ ಹದಿನೇಳು, ಎರಡು ಸಲ ಹದಿನಾರು. ಹೊಸಬರ ಪ್ಯಾಕೆಟ್ಟು ಹದಿನೈದು.

ಪುಸ್ತಕ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಇಪ್ಪತ್ತರಿಂದ ಹದಿನೈದಕ್ಕೆ ಇಳಿದದ್ದು ಹೌದು. ಆದರೆ ಆ ಐದು ದಿನಗಳಲ್ಲಿ ಮೂರು ದಿನ ಹೋದದ್ದು ರಾಯರ ಕೈಯಲ್ಲೇ, ಅಂಗಡಿ ಕೊಡುವುದಕ್ಕೆ ಒಂದೂಕಾಲು ವರ್ಷ ಮುಂಚೆ. ವಾಸನೆ ಸಾಲದೆ ನಾನು ಒಂದು ಚಮಚ ಜಾಸ್ತಿ ಹಾಕಲು ಶುರು ಮಾಡಿದ್ದೆ. ಗಮನಕ್ಕೇ ಬಂದಿರಲಿಲ್ಲ. ರಾಯರ ಕೈಯಿಂದ ಬೆಚ್ಚಗಿನ ಕವರು ತಗೊಂಡ ಮೇಲೆ ಅದು ಸರಿಯಿಲ್ಲ ಎಂಬ ಯೋಚನೆಯೇ ಬರುವುದಿಲ್ಲ. ಅಂಗಡಿಗೆ ಹೊಸ ಮುಖ ಬಂದ ದಿನ ನಾಲಿಗೆ ಎಚ್ಚರವಾಯಿತು.

ಕಂಪನಿ ಕೈ ಬದಲಾದರೆ ಸರಕು ಕೆಡುತ್ತದೆ ಎನ್ನುವುದು ನಮ್ಮಲ್ಲಿ ಗಾದೆಯ ಹಾಗೆ ಬಳಕೆಯಲ್ಲಿದೆ. ಇದನ್ನು ಬರೆಯುವ ಮುಂಚೆ ನನಗೆ ಗೊತ್ತಿರುವ ಉದಾಹರಣೆಗಳನ್ನೆಲ್ಲ ನೆನಪು ಮಾಡಿಕೊಂಡೆ. ಮುಂಬಯಿಯವರಿಗೆ ಮೊದಲು ನೆನಪಾಗುವುದು ಥಮ್ಸ್ ಅಪ್. ಕೋಕಾ ಕೋಲಾ ದೇಶ ಬಿಟ್ಟು ಹೋದ 1977ರಲ್ಲಿ ಇಲ್ಲಿನ ಪಾರ್ಲೆಯವರು ಅದನ್ನು ತಂದರು. 1993ರಲ್ಲಿ ಅದನ್ನೂ ಲಿಮ್ಕಾ, ಗೋಲ್ಡ್ ಸ್ಪಾಟುಗಳನ್ನೂ ವಾಪಸು ಬಂದ ಅದೇ ಕೋಕಾ ಕೋಲಾಕ್ಕೆ ಮಾರಿದರು. ಗೋಲ್ಡ್ ಸ್ಪಾಟ್ ಅಂಗಡಿಗಳಿಂದ ಮರೆಯಾಯಿತು. ಥಮ್ಸ್ ಅಪ್ ಮೂವತ್ತು ವರ್ಷ ದಾಟಿ ಇವತ್ತಿಗೂ ಜೋರಾಗಿದೆ. ಒಂದೇ ಮಾರಾಟ, ಎರಡು ಹಣೆಬರಹ. ನಮ್ಮ ಎಂಟಿಆರ್ ಇನ್ನೂ ಹತ್ತಿರದ ಉದಾಹರಣೆ. ಮಸಾಲೆ ಪುಡಿ, ಮಿಕ್ಸುಗಳ ಎಂಟಿಆರ್ ಫುಡ್ಸನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಯ್ಯರ ಮನೆತನದಲ್ಲೇ ಉಳಿಯಿತು. ಹೆಸರು ಎರಡಕ್ಕೂ ಒಂದೇ. ಬೆಂಗಳೂರಿನಲ್ಲೇ ಎಷ್ಟೋ ಜನಕ್ಕೆ ಇವು ಬೇರೆ ಬೇರೆ ಎನ್ನುವುದು ಇನ್ನೂ ಗೊತ್ತಿಲ್ಲ.

ದೊಡ್ಡ ಕಂಪನಿಯಲ್ಲಿ ಅಳತೆ ಕಾಗದದ ಮೇಲೆ ಇರುತ್ತದೆ, ಸರಕು ಪರೀಕ್ಷೆ ಮಾಡುವ ಲ್ಯಾಬ್ ಇರುತ್ತದೆ. ಕೊಂಡವರಿಗೆ ಅದನ್ನು ಹಾಗೇ ಮುಂದುವರಿಸುವ ದಾರಿಯಾದರೂ ಇರುತ್ತದೆ. ರಾಯರ ಅಂಗಡಿಯಲ್ಲಿ ಕೈ ಬದಲಾದದ್ದು ಏನು? ಪಗಡಿ (ಮುಂಗಡ ಹಣ ಕೊಟ್ಟು ಪಡೆದ ಹಳೇ ಬಾಡಿಗೆ ಹಕ್ಕಿನ) ಜಾಗ, ಬೋರ್ಡು, ಬೀಸುವ ಮಿಷನ್ನು, ಹುರಿಯುವ ಡ್ರಮ್ಮು, ಹಿತ್ತಾಳೆಯ ತಕ್ಕಡಿ. ಮಿಶ್ರಣದ ಅಳತೆ ರಾಯರ ಕಣ್ಣಿನಲ್ಲಿತ್ತು, ಹುರಿಯುವ ಹದ ಆ ಕುಂದಾಪುರದವರ ಕಿವಿಯಲ್ಲಿತ್ತು. ರಾಯರು ಅಂಗಡಿ ಕೊಟ್ಟ ತಿಂಗಳೇ ಅವರು ಊರಿಗೆ ಹೋದರು. ಡ್ರಮ್ಮು ಈಗ ಹಿಂದಿನ ಕೋಣೆಯಲ್ಲಿ ಮೂಲೆಗಿದೆ, ಅದರ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆ ಪೇರಿಸಿದ್ದಾರೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಪುಸ್ತಕ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ರಾಯರು ಈಗ ಮುಲುಂಡಿನಲ್ಲಿ ಮಗನ ಮನೆಯಲ್ಲಿದ್ದಾರೆ. ಒಂದು ಭಾನುವಾರ ಯಜಮಾನರೂ ನಾನೂ ಹೋದೆವು. ಎಂಬತ್ತೆರಡು ವಯಸ್ಸು, ಮಂಡಿ ನೋವು, ಮಾತು ಮಾತ್ರ ಹಾಗೇ ಇದೆ. ಸೊಸೆ ಕಾಫಿ ತಂದುಕೊಟ್ಟರು. ಕುಡಿದೆ, ಗುರುತು ಹತ್ತಿತು. ಅದು ಅವರದೇ ಹಳೇ ಅಂಗಡಿಯ ಪ್ಯಾಕೆಟ್ಟಿನ ಪುಡಿ. ನಾನು ಲೋಟ ನೋಡುವುದನ್ನು ರಾಯರು ನೋಡಿದರು.

"ಹೌದಮ್ಮ, ಅಲ್ಲಿಯದ್ದೇ" ಎಂದರು. "ಈಗಿನವ್ರು ಹಾಕುವ ಬೀಜ ನಾನು ಕೊನೆಗೆ ಹಾಕಿದ್ದಕ್ಕಿಂತ ಒಳ್ಳೇದು. ಹುರಿದದ್ದು ಸರಿಯಿಲ್ಲ."

ನಾನು ಪುಸ್ತಕದ ವಿಷಯ ಹೇಳಿದೆ. ಹೇಳಬಾರದಿತ್ತೇನೋ ಎಂದು ಆಮೇಲೆ ಅನಿಸಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಪೀಬೆರಿ ನಿಲ್ಲಿಸಿದ್ದು ನಾನೇ" ಎಂದರು. "ಆ ವರ್ಷ ಬೀಜದ ಬೆಲೆ ಏರಿದ್ದು ಏರಿದ್ದೇ. ಲಾಕ್‌ಡೌನ್ ಆದ್ಮೇಲೆ ಗಿರಾಕಿಗಳೂ ಅರ್ಧಕ್ಕೆ ಬಂದಿದ್ರು. ನಲ್ವತ್ತು ವರ್ಷ ನಮ್ಮ ಹತ್ರವೇ ತಗೊಂಡವ್ರಿಗೆ ಒಂದೇ ಸಲ ನೂರೈವತ್ತು ರೂಪಾಯಿ ಜಾಸ್ತಿ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಎ ಕಡಿಮೆ ಮಾಡಿ ಸಿ ಹಾಕಿದೆ, ಆಮೇಲೆ ಬಿಟ್ಸೂ ಹಾಕಿದೆ. ಚಿಕೋರಿ ಮುಟ್ಲಿಲ್ಲ, ಅಗ್ಗದ ಜಾತಿ ರೊಬಸ್ಟಾನೂ ಹಾಕ್ಲಿಲ್ಲ, ಅದು ದೇವ್ರಾಣೆ. ದಿನ ಬಿಟ್ಟು ದಿನ ಹುರಿಯುವುದು ವಾರಕ್ಕೊಂದು ಸಲ ಆಯ್ತು. ನಿಮಗೆ ಯಾರಿಗೂ ಗೊತ್ತಾಗ್ಲಿಲ್ಲ ಅಂತ ಇದ್ದೆ."

ಬೆಲೆಯ ವಿಷಯದಲ್ಲಿ ಅವರು ಹೇಳಿದ್ದು ನಿಜ. 2021ರ ಜುಲೈಯಲ್ಲಿ ಬ್ರೆಜಿಲಿನ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ (ಫ್ರಾಸ್ಟ್) ಗಿಡ ಸುಟ್ಟು ಪ್ರಪಂಚದಲ್ಲೆಲ್ಲ ಅರೇಬಿಕಾ ಏರಿತು. ಕೊಪ್ಪದಲ್ಲಿ ಅಣ್ಣ 50 ಕೆಜಿ ಮೂಟೆಗೆ ಬಂದ ಬೆಲೆಯನ್ನು ಖುಷಿಯಿಂದ ಫೋನಿನಲ್ಲಿ ಹೇಳುತ್ತಿದ್ದ ದಿನಗಳು ಅವು. ಅದೇ ಏರಿಕೆ ಮಾಟುಂಗಾದಲ್ಲಿ ರಾಯರ ಕೈ ಕಟ್ಟಿತ್ತು ಎಂದು ನನಗೆ ಹೊಳೆದಿರಲಿಲ್ಲ. ಮುರಿದ ಚೂರನ್ನು ಇಡೀ ಬೀಜದ ಜೊತೆ ಹುರಿದರೆ ಇಡೀ ಬೀಜ ಬೇಯುವ ಮುಂಚೆ ಚೂರು ಸೀದು ಹೋಗುತ್ತದೆ. ಕುಂದಾಪುರದವರ ಕಿವಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಮದ್ದಿಲ್ಲ.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೇಸರವಾಯಿತು. ಬೆಲೆ ಏರಿಸಿದ್ದರೆ ನಾವು ಕೊಡುತ್ತಿದ್ದೆವು. ಎರಡು ದಿನ ಗೊಣಗಿ ಕೊಡುತ್ತಿದ್ದೆವು. ಅವರು ನಮ್ಮ ದಾಕ್ಷಿಣ್ಯಕ್ಕೆ ಬಿದ್ದು, ನಮಗೆ ಹೇಳದೆ, ನಮ್ಮ ಪುಡಿಯನ್ನೇ ಇಳಿಸಿದರು. ಅದು ಅವರಿಗೂ ತಿಳಿದಿದೆ. ಹೊರಡುವಾಗ "ಬರೆಯುವುದಾದ್ರೆ ಬರಿ, ಹೆಸರು ಮಾತ್ರ ಹಾಕ್ಬೇಡ, ಮಕ್ಕಳಿಗೆ ಬೇಜಾರಾಗ್ತದೆ" ಎಂದರು.

ಇನ್ನು ಹೊಸಬರ ವಿಷಯ. ಅಂಗಡಿ ನೋಡಿಕೊಳ್ಳುವ ಹುಡುಗನಿಗೆ ಮೂವತ್ತರ ಆಸುಪಾಸು. ಮನೆತನದ್ದು ಮಸಾಲೆ, ಡ್ರೈಫ್ರೂಟ್ ವ್ಯಾಪಾರ. ಕಾಫಿ ಕುಡಿದು ಬೆಳೆದವನಲ್ಲ. ಮರಾಠಿ, ಹಿಂದಿ ಎರಡರಲ್ಲೂ ಮರ್ಯಾದೆಯಿಂದ ಮಾತಾಡುತ್ತಾನೆ. ಚಿಕೋರಿ ಎಷ್ಟು ಎಂದು ಕೇಳಿದ್ದಕ್ಕೆ ಪ್ಯಾಕೆಟ್ಟು ತಿರುಗಿಸಿ ತೋರಿಸಿದ. ಕಾಫಿ 80, ಚಿಕೋರಿ 20 ಎಂದು ಅಚ್ಚಾಗಿತ್ತು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಎರಡೂ ಎಷ್ಟೆಷ್ಟು ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರಬೇಕು ಎಂದು ಆಹಾರ ಸುರಕ್ಷತೆಯ ನಿಯಮ ಇದೆ. ನೀವು ಯಾವ ಪುಡಿ ತಂದರೂ ಮೊದಲು ನೋಡಬೇಕಾದದ್ದು ಅದನ್ನೇ. 53-47 ಎಂದು ಸಣ್ಣ ಅಕ್ಷರದಲ್ಲಿ ಬರೆದ ಪುಡಿಗೂ ಕಾಫಿಯ ಬೆಲೆಯನ್ನೇ ಕೊಡುತ್ತಿರುತ್ತೇವೆ.

ಅಚ್ಚಾದದ್ದನ್ನೇ ನಂಬಿ ಬಿಡಲಿಲ್ಲ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲಿಂದ ಒಂದು ಚಮಚ ಪುಡಿ ಉದುರಿಸಿದರೆ ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ತಕ್ಷಣ ಕೆಳಗಿಳಿಯುತ್ತದೆ. ಇಷ್ಟೇ ಪ್ರಮಾಣ ಎಂದು ಇದರಿಂದ ಹೇಳಲಾಗದು, ಆದರೆ ಹೋಲಿಸಬಹುದು. ನಾನೇ 80-20 ಅಳೆದು ಬೆರೆಸಿದ ಪುಡಿ ಒಂದು ಲೋಟದಲ್ಲಿ, ಪ್ಯಾಕೆಟ್ಟಿನದು ಇನ್ನೊಂದರಲ್ಲಿ. ಎರಡೂ ಲೋಟದಲ್ಲಿ ನೀರು ಹೆಚ್ಚೂಕಡಿಮೆ ಒಂದೇ ಥರ ಬಣ್ಣಕ್ಕೆ ತಿರುಗಿತು. ಚಿಕೋರಿ ಸುರಿದಿದ್ದಾರೆ ಎಂದವರೆಲ್ಲ, ನಾನೂ ಸೇರಿ, ತಪ್ಪು ಹೇಳಿದ್ದೆವು.

ಬೀಜವನ್ನೂ ಅವನು ತೋರಿಸಿದ. ಮೂಟೆ ಬಿಚ್ಚಿ ಕೈಗೆ ಕೊಟ್ಟ. ಪ್ಲಾಂಟೇಶನ್ ಎ, ದೊಡ್ಡದು, ಒಂದೇ ಗಾತ್ರ. ಇನ್ನೊಂದರಲ್ಲಿ ಪೀಬೆರಿ. ರಾಯರು ಬಿಟ್ಟದ್ದನ್ನು ಇವನು ಮತ್ತೆ ತಂದಿದ್ದಾನೆ, ಅದಕ್ಕೆ ತಕ್ಕ ಬೆಲೆಯನ್ನು ಮುಚ್ಚುಮರೆಯಿಲ್ಲದೆ ಕೇಳಿದ್ದಾನೆ. ಇದನ್ನು ಅವನ ಪರವಾಗಿ ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ.

ಕೆಟ್ಟದ್ದು ಎರಡು ಕಡೆ. ಮೊದಲನೆಯದು ಹುರಿಯುವುದು. ಹುರಿಯುವವರು ಹೋದ ಮೇಲೆ ಹೊರಗಡೆ ದೊಡ್ಡ ಮಿಷನ್ನಿನಲ್ಲಿ ಹುರಿಸಿ ತರುತ್ತಾರೆ. ಆ ಬೀಜ ಕಪ್ಪು, ಮೈಯೆಲ್ಲ ಎಣ್ಣೆ ಜಿಗುಟು. ಎರಡನೇ ಸಿಡಿತವನ್ನೂ ದಾಟಿ ಹೋಗಿದೆ. ಅಷ್ಟು ಹುರಿದರೆ ಎ ಗ್ರೇಡಿಗೂ ಸಿ ಗ್ರೇಡಿಗೂ ವ್ಯತ್ಯಾಸ ಉಳಿಯುವುದಿಲ್ಲ, ಎಲ್ಲಕ್ಕೂ ಸುಟ್ಟ ರುಚಿ ಒಂದೇ. ಒಳ್ಳೇ ಬೀಜ ತಂದು ಅದರ ಒಳ್ಳೇತನವನ್ನು ಉರಿಗೆ ಹಾಕಿದ ಹಾಗೆ. ಎರಡನೆಯದು ಪ್ಯಾಕೆಟ್ಟು. ಹುರಿದ ಕಾಫಿ ಒಂದಷ್ಟು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ತಾಜಾ ಪುಡಿಯನ್ನು ಸುಮ್ಮನೆ ಸೀಲ್ ಮಾಡಿದರೆ ಪ್ಯಾಕೆಟ್ಟು ಊದಿಕೊಳ್ಳುತ್ತದೆ. ಗಾಳಿ ಹೊರಗೆ ಹೋಗಲು ಸಣ್ಣ ವಾಲ್ವ್ ಇರುವ ಕವರು ಬೇಕು. ಇವರದರಲ್ಲಿ ಅದಿಲ್ಲ. ಹಾಗಾಗಿ ಬೀಸಿದ ಪುಡಿಯನ್ನು ಆರಲು ಬಿಟ್ಟು ಆಮೇಲೆ ತುಂಬುತ್ತಾರೆ, ವಾಸನೆ ಅಲ್ಲೇ ಹೋಗುತ್ತದೆ. ನಾನು ತಂದ ಒಂದು ಪ್ಯಾಕೆಟ್ಟಿನ ತಾರೀಕು ನೋಡಿದರೆ ಏಳು ವಾರ ಹಿಂದಿನದು. ಪುಡಿಯಾದ ಕಾಫಿಗೆ ಏಳು ವಾರ ಎಂದರೆ ಮುದಿತನ.

ಇದನ್ನೆಲ್ಲ ಅವನಿಗೆ ಹೇಳಿದೆ. "ಆಂಟಿ, ಪ್ಯಾಕೆಟ್ಟಾದರೆ ತೂಕ, ತಾರೀಕು, ಲೈಸೆನ್ಸ್ ನಂಬರು ಎಲ್ಲ ಇರುತ್ತದೆ, ಯಾರು ಬಂದು ಕೇಳಿದರೂ ಉತ್ತರ ಕೊಡಬಹುದು" ಎಂದ. ಅದು ಸರಿಯಾದ ಮಾತೇ. ರಾಯರ ಕಂದು ಕವರಿನ ಮೇಲೆ ಏನೂ ಬರೆದಿರಲಿಲ್ಲ, ಬರೆದಿದ್ದರೆ ನನಗೆ 2021ರಲ್ಲೇ ತಿಳಿಯುತ್ತಿತ್ತು. "ಬೀಸಿ ಕೊಡುವುದನ್ನು ಯಾಕೆ ನಿಲ್ಲಿಸಿದಿರಿ?" ಎಂದೆ. "ಯಾರೂ ಕೇಳಲಿಲ್ಲ" ಎಂದ. ಹಿಂದೆ ಹೋಗಿ ನೋಡಿದರೆ ರಾಯರ ಮಿಷನ್ನು ಇನ್ನೂ ಚೆನ್ನಾಗಿಯೇ ಇದೆ.

ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಮನೆಯಲ್ಲಿ ಫ್ರೆಂಚ್ ಪ್ರೆಸ್ ಎಂಬ ಕಾಫಿ ಸೋಸುವ ಜಾಡಿ ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ಇಡೀ ಬೀಜವನ್ನೇ ಒಯ್ಯುತ್ತಾರಂತೆ. ಅವರಿಗಾಗಿ ವಾರಕ್ಕೊಮ್ಮೆ, ಗುರುವಾರ, ಮೀಡಿಯಂ ಹುರಿದ ಬೀಜ ಸ್ವಲ್ಪ ಬರುತ್ತದೆ. ಬೇರೆ ಡಬ್ಬದಲ್ಲಿ ಇಟ್ಟಿರುತ್ತಾರೆ. ಮುಚ್ಚಳ ತೆಗೆಸಿ ನೋಡಿದೆ. ಹುಣಸೆ ಬೀಜದ ಬಣ್ಣಕ್ಕಿಂತ ಒಂದು ಚೂರು ತಿಳಿ, ಮೈ ಒಣ. ಅದರಲ್ಲಿ ಅರ್ಧ ಕೆಜಿ, 300 ಎ, 100 ಪೀಬೆರಿ, ಹಿಂದಿನ ಮಿಷನ್ನಿನಲ್ಲಿ ಬೀಸಿ, 100 ಚಿಕೋರಿ ಬೇರೆಯಾಗಿ ಬೆರೆಸಿಕೊಡಿ ಎಂದೆ. ಹುಡುಗ ಸ್ವಲ್ಪ ಅನುಮಾನಿಸಿದ, ಆಮೇಲೆ ತಾನೇ ನಿಂತು ಮಾಡಿಕೊಟ್ಟ. ಮೊದಲ ಸಲ ಬೀಸಿದ್ದು ತೀರಾ ನುಣುಪಾಯಿತು, ಡಿಕಾಕ್ಷನ್ ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಎರಡನೇ ಸಲ ಸಣ್ಣ ರವೆಗಿಂತ ಒಂದು ಸುತ್ತು ನುಣ್ಣಗೆ ಎಂದು ತೋರಿಸಿಕೊಟ್ಟೆ. ಹದಿನೈದು ನಿಮಿಷಕ್ಕೆ ಇಳಿಯಿತು.

ಪ್ಯಾಕೆಟ್ಟಿನದು, ಬೀಸಿಸಿದ್ದು ಎರಡನ್ನೂ ಮೂರು ದಿನ ಬೆಳಗ್ಗೆ ಒಂದೇ ಥರದ ಲೋಟದಲ್ಲಿ, ಯಾವುದು ಯಾವುದೆಂದು ಹೇಳದೆ ಯಜಮಾನರಿಗೂ ಪಕ್ಕದ ಮನೆಯ ಮರಾಠಿ ಕಾಕುಗೂ ಕೊಟ್ಟೆ. ಕಾಕು ಚಹಾದವರು, ಕಾಫಿ ಅಪರೂಪ. ಮೂರು ದಿನವೂ ಇಬ್ಬರೂ ಬೀಸಿಸಿದ್ದನ್ನೇ ಎತ್ತಿಕೊಂಡರು. ಮೂರನೇ ದಿನ ಯಜಮಾನರು ಎರಡನೇ ಲೋಟ ಕೇಳಿದರು.

ಅದು ರಾಯರ 2018ರ ಪುಡಿಯೇ? ಅಲ್ಲ. ಅದರಲ್ಲಿ ಕೊನೆಗೆ ಬೆಲ್ಲದ ಪಾಕದ ಹಾಗೆ ಒಂದು ಸಿಹಿ ಗಂಟಲಲ್ಲಿ ನಿಲ್ಲುತ್ತಿತ್ತು, ಇದರಲ್ಲಿ ಅದಿಲ್ಲ. ಅದು ಆ ಕುಂದಾಪುರದವರ ಜೊತೆ ಹೋಗಿದೆ, ಮತ್ತೆ ಬರುವ ಆಸೆ ನನಗಿಲ್ಲ. ಆದರೆ ರಾಯರ 2022ರ ಪುಡಿಗಿಂತ ಇದು ಒಳ್ಳೆಯದು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ನಿಜ.

ಬೆಲೆ ಮಾತ್ರ ಮನಸ್ಸಿಗೆ ಭಾರ. 2023ರಲ್ಲಿ 640 ಇದ್ದದ್ದು 2024ರಲ್ಲಿ 760 ಆಯಿತು, ಈಗ ಕೆಜಿಗೆ 960. ಬೀಸಿ ಕೊಡುವುದಕ್ಕೆ ಬೇರೆ ದುಡ್ಡಿಲ್ಲ. ಇದನ್ನೂ ಜನ ಹೊಸ ಮಾಲೀಕನ ದುರಾಸೆ ಎನ್ನುತ್ತಾರೆ. 2024ರ ಡಿಸೆಂಬರಿನಲ್ಲಿ ಅರೇಬಿಕಾದ ಅಂತಾರಾಷ್ಟ್ರೀಯ ಬೆಲೆ 1977ರ ದಾಖಲೆಯನ್ನೇ ಮುರಿಯಿತು, ಮುಂದಿನ ಫೆಬ್ರವರಿಯಲ್ಲಿ ಇನ್ನೂ ಮೇಲೆ ಹೋಯಿತು. ಅಣ್ಣನ ಫೋನು ಮತ್ತೆ ಜೋರಾಗಿತ್ತು. ಈ ಸಲ ನಾನು ಅವನ ಖುಷಿ ಕೇಳುತ್ತಾ ಮಾಟುಂಗಾದ ಹುಡುಗನನ್ನೂ ನೆನೆದೆ. ಅವನು ಬೆಲೆ ಏರಿಸಿದ, ಬೀಜ ಇಳಿಸಲಿಲ್ಲ. ಪ್ರತಿ ಸಲ ಮೂಟೆ ನೋಡಿಯೇ ಬರುತ್ತೇನೆ, ಅವನೂ ಬೇಡ ಎನ್ನುವುದಿಲ್ಲ.

ಹಾಗಾಗಿ ಕೇಳುವವರಿಗೆಲ್ಲ ನನ್ನ ಉತ್ತರ: ಕಪಾಟಿನ ಪ್ಯಾಕೆಟ್ಟು ತರಬೇಡಿ, ಅದು 960ಕ್ಕೆ ಯೋಗ್ಯವಲ್ಲ. ಗುರುವಾರ ಮಧ್ಯಾಹ್ನದ ಮೇಲೆ ಅಥವಾ ಶುಕ್ರವಾರ ಹೋಗಿ. ಮೀಡಿಯಂ ಡಬ್ಬ ತೆರೆಸಿ, ಬೀಜ ಒಣಗಿದೆಯೋ ಜಿಗುಟಾಗಿದೆಯೋ ಮುಟ್ಟಿ ನೋಡಿ, ಎದುರಿಗೆ ಬೀಸಿಸಿ, ಚಿಕೋರಿ ಕಣ್ಣ ಮುಂದೆ ಹಾಕಿಸಿ. ಶನಿವಾರ ಸಂಜೆಗೆ ಮೀಡಿಯಂ ಖಾಲಿಯಾಗಿರುತ್ತದೆ. ತಿಂಗಳಿಗಾಗುವಷ್ಟು ಒಟ್ಟಿಗೆ ತಂದಿಡಬೇಡಿ, ಅರ್ಧ ಕೆಜಿ ಸಾಕು. ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡಿ. ಮಳೆಗಾಲದಲ್ಲಿ ಮುಂಬಯಿಯ ಗಾಳಿ ತಾಗಿದರೆ ಮೂರೇ ದಿನಕ್ಕೆ ಪುಡಿ ಗಂಟು ಕಟ್ಟುತ್ತದೆ. ಹೋದವರೆಲ್ಲ ಬೀಸಿಕೊಡಿ ಎಂದೇ ಕೇಳಿ. ನಾಲ್ಕು ಜನ ಕೇಳಿದರೆ ಆ ಮಿಷನ್ನು ಮತ್ತೆ ಮುಂದಿನ ಕೋಣೆಗೆ ಬಂದೀತು. ಹುಡುಗ ಹಾಗೆಂದು ನನಗೆ ಮಾತು ಕೊಟ್ಟಿದ್ದಾನೆ.

ಈ ತಿಂಗಳ ಅರ್ಧ ಕೆಜಿ ತಂದದ್ದು 3ನೇ ತಾರೀಕು. ಇವತ್ತು 20. ಈಗಷ್ಟೇ ಡಬ್ಬಿ ತೆಗೆದು ನೋಡಿದೆ, ನಾಳೆಯ ನಾಲ್ಕು ಲೋಟಕ್ಕೂ ಇದೆ. ಹತ್ತೊಂಬತ್ತು ದಿನ ಎಂದು ಪುಸ್ತಕದಲ್ಲಿ ಬರೆಯುತ್ತೇನೆ.